ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಸೈಕಲ್ ಪ್ರವಾಸ ಮಾರ್ಗಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಮೊಂಟಾನಾ ರಾಜ್ಯದಲ್ಲಿ, ಕೆನಡಾ ಗಡಿಗೆ ತಾಗಿಕೊಂಡಂತೆ ಇರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನ ದೂರ ಸವಾರಿಯ ಸೈಕಲ್ ಪ್ರವಾಸಿಗಳಿಗೆ ಬಹುಕಾಲದಿಂದ ಪ್ರಿಯವಾದ ತಾಣ. 1910ರ ಮೇ 11ರಂದು ಸ್ಥಾಪನೆಯಾದ ಈ ಉದ್ಯಾನ ರಾಕಿ ಪರ್ವತಶ್ರೇಣಿಯ ಸುಮಾರು 4,100 ಚದರ ಕಿ.ಮೀ. ಪ್ರದೇಶದಲ್ಲಿ ಹರಡಿದೆ. ಇಲ್ಲಿನ ಕಾಡಿನ ಕಾಲುದಾರಿಗಳಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ. ಸವಾರಿಯೇನಿದ್ದರೂ ರಸ್ತೆಗಳಲ್ಲಿ ಮತ್ತು ಸೈಕಲ್‌ಗೆಂದೇ ಗೊತ್ತುಮಾಡಿದ ದಾರಿಗಳಲ್ಲಿ. ಆ ರಸ್ತೆಗಳೂ ಕೆಲವೇ. ಅವುಗಳಲ್ಲಿ ಬೆಟ್ಟಸಾಲನ್ನು ಅಡ್ಡಲಾಗಿ ದಾಟುವ ಗೋಯಿಂಗ್-ಟು-ದಿ-ಸನ್ ರಸ್ತೆಯೇ ಮುಖ್ಯ.

ಪಶ್ಚಿಮದ ವೆಸ್ಟ್ ಗ್ಲೇಸಿಯರ್ ಊರಿನಿಂದ ಪೂರ್ವದ ಸೇಂಟ್ ಮೇರಿವರೆಗೆ ಈ ರಸ್ತೆಯ ಉದ್ದ ಸುಮಾರು 80 ಕಿ.ಮೀ. ನಡುವಿನ ಅತ್ಯುನ್ನತ ಬಿಂದು 2,026 ಮೀಟರ್ ಎತ್ತರದ ಲೋಗನ್ ಪಾಸ್. ಅಲ್ಲಿ ಖಂಡದ ನೀರು ಇಬ್ಭಾಗವಾಗುತ್ತದೆ: ಪಶ್ಚಿಮಕ್ಕೆ ಹರಿದದ್ದು ಪೆಸಿಫಿಕ್ ಸಾಗರ ಸೇರಿದರೆ ಪೂರ್ವಕ್ಕೆ ಇಳಿದದ್ದು ಸೇಂಟ್ ಮೇರಿ ನದಿಯ ಮೂಲಕ ಉತ್ತರದ ಹಡ್ಸನ್ ಕೊಲ್ಲಿ ಸೇರುತ್ತದೆ. ರಸ್ತೆ 1932ರಲ್ಲಿ ಪೂರ್ಣಗೊಂಡಿತು. 1933ರ ಜುಲೈ 15ರಂದು ಲೋಗನ್ ಪಾಸ್‌ನಲ್ಲೇ ಉದ್ಘಾಟನೆ ನಡೆಯಿತು.

ಇಷ್ಟು ಎತ್ತರದ ಬೆಟ್ಟವನ್ನು ಸಾಮಾನು ಹೇರಿದ ಸೈಕಲ್ಲಿನಲ್ಲೂ ಹತ್ತಲು ಸಾಧ್ಯವಾಗುವುದಕ್ಕೆ ಕಾರಣ 1920ರ ದಶಕದ ಒಂದು ತೀರ್ಮಾನ. ಎಂಜಿನಿಯರ್ ಜಾರ್ಜ್ ಗುಡ್‌ವಿನ್ ಲೋಗನ್ ಕ್ರೀಕ್ ಕಣಿವೆಯಲ್ಲಿ 15 ಹೇರ್‌ಪಿನ್ ತಿರುವುಗಳ ದಾರಿಯನ್ನು ಸೂಚಿಸಿದ್ದರು. ಆಗುಂಬೆ ಘಾಟಿಯ 14 ತಿರುವುಗಳನ್ನು ಬಲ್ಲವರಿಗೆ ಅದರ ಸ್ವರೂಪ ಹೇಳಬೇಕಾಗಿಲ್ಲ. ಭೂದೃಶ್ಯ ವಿನ್ಯಾಸಕಾರ ಥಾಮಸ್ ವಿಂಟ್ ಇದನ್ನು ಒಪ್ಪಲಿಲ್ಲ. ಅಷ್ಟು ತಿರುವುಗಳು ಕಣಿವೆಯ ಅಂದವನ್ನೇ ಕೆಡಿಸುತ್ತವೆ ಎಂಬುದು ಅವರ ವಾದ. ಗಾರ್ಡನ್ ವಾಲ್ ಎಂಬ ಕಡಿದಾದ ಬಂಡೆಸಾಲಿನ ಮೈಯನ್ನೇ ಕೊರೆದು, ಒಂದೇ ತಿರುವಿನಲ್ಲಿ ಮೇಲೇರುವ ದಾರಿಯನ್ನು ಅವರು ಮುಂದಿಟ್ಟರು. ಖರ್ಚು ಹೆಚ್ಚಾದರೂ ರಾಷ್ಟ್ರೀಯ ಉದ್ಯಾನ ಸೇವೆಯ ಮೊದಲ ನಿರ್ದೇಶಕ ಸ್ಟೀಫನ್ ಮ್ಯಾಥರ್ ಅದನ್ನೇ ಆರಿಸಿದರು. ಹೀಗಾಗಿ ಏರು ಎಲ್ಲೂ ಉಸಿರುಗಟ್ಟಿಸುವಷ್ಟು ಕಡಿದಾಗುವುದಿಲ್ಲ, ಶೇ. 6ರ ಆಸುಪಾಸಿನಲ್ಲೇ ಸಾಗುತ್ತದೆ. ವಿಂಟ್ ನೋಡಿದ್ದು ಕಣಿವೆಯ ಚೆಲುವನ್ನು. ಅದರ ಅತಿ ದೊಡ್ಡ ಪ್ರಯೋಜನ ಸಿಕ್ಕಿದ್ದು ಪೆಡಲ್ ತುಳಿಯುವವರಿಗೆ.

ಪಶ್ಚಿಮದಿಂದ ಹೊರಟರೆ ಮೊದಲ 25 ಕಿ.ಮೀ. ಸುಲಭ. ವೆಸ್ಟ್ ಗ್ಲೇಸಿಯರ್‌ನಿಂದ ಆಪ್‌ಗಾರ್‌ವರೆಗೆ ಪ್ರತ್ಯೇಕ ಸೈಕಲ್ ಹಾದಿಯಿದೆ. ಮುಂದೆ ರಸ್ತೆ ಮೆಕ್‌ಡೊನಾಲ್ಡ್ ಸರೋವರದ ದಂಡೆಗುಂಟ, ದೇವದಾರು ಜಾತಿಯ ಮರಗಳ ನೆರಳಿನಲ್ಲಿ ಸಾಗಿ ಅವಲಾಂಚ್ ಕ್ರೀಕ್ ಮುಟ್ಟುತ್ತದೆ. ಅಲ್ಲಿಂದ ಲೋಗನ್ ಪಾಸ್‌ಗೆ 26 ಕಿ.ಮೀ., ಏರಬೇಕಾದ ಎತ್ತರ ಸುಮಾರು 1,000 ಮೀಟರ್. ನಿಜವಾದ ಏರು ಶುರುವಾಗುವುದು ಲೋಗನ್ ಕ್ರೀಕ್ ದಾಟಿದ ಮೇಲೆ. ಮೊದಲು 59 ಮೀಟರ್ ಉದ್ದದ ಪಶ್ಚಿಮ ಸುರಂಗ, ಆಮೇಲೆ 'ದಿ ಲೂಪ್' ಎಂದು ಕರೆಯುವ ಆ ಒಂಟಿ ತಿರುವು. 2003ರ ಕಾಳ್ಗಿಚ್ಚು ಈ ಭಾಗದ ಕಾಡನ್ನು ಸುಟ್ಟಿದ್ದರಿಂದ ನೋಟ ಬಿಚ್ಚಿಕೊಂಡಿದೆ, ನೆರಳು ಕಡಿಮೆಯಾಗಿದೆ. ಲೂಪ್‌ನಿಂದ ಮೇಲಕ್ಕೆ ಉಳಿಯುವುದು 13 ಕಿ.ಮೀ.; ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ, ನಡುವೆ ತಗ್ಗಾದ ಕಲ್ಲುಗೋಡೆ. ಹಿಮ ಕರಗುವ ದಿನಗಳಲ್ಲಿ ವೀಪಿಂಗ್ ವಾಲ್ ಎಂಬಲ್ಲಿ ಬಂಡೆಯಿಂದ ಸುರಿಯುವ ನೀರು ಸವಾರರನ್ನೂ ತೋಯಿಸುತ್ತದೆ. ಗಾರ್ಡನ್ ವಾಲ್ ರಸ್ತೆಯ ಪೂರ್ವಕ್ಕೆ ಇರುವುದರಿಂದ ಬೆಳಗಿನ ಹೊತ್ತು ಬಿಸಿಲು ತಡವಾಗಿ ತಾಗುತ್ತದೆ. ನಸುಕಿನಲ್ಲೇ ಹೊರಡಲು ಇದೊಂದೇ ಕಾರಣ ಸಾಕು, ಆದರೆ ಅದಕ್ಕಿಂತ ಗಟ್ಟಿಯಾದ ಕಾರಣ ನಿಯಮದಲ್ಲೇ ಇದೆ.

ವರ್ಷಕ್ಕೆ ಸುಮಾರು 30 ಲಕ್ಷ ಜನ ಬರುವ ಉದ್ಯಾನ ಇದು; ಬೇಸಿಗೆಯ ಮಧ್ಯಾಹ್ನ ಈ ಇಕ್ಕಟ್ಟಾದ ರಸ್ತೆಯಲ್ಲಿ ಕಾರುಗಳ ಸಾಲು ಕಡಿಯುವುದಿಲ್ಲ. ಆದ್ದರಿಂದ ಜೂನ್ 15ರಿಂದ ಸೆಪ್ಟೆಂಬರ್ ಮೊದಲ ಸೋಮವಾರದವರೆಗೆ, ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಎರಡು ಕಡೆ ಸೈಕಲ್ ನಿಷಿದ್ಧ: ಆಪ್‌ಗಾರ್‌ನಿಂದ ಸರೋವರದ ದಂಡೆಗುಂಟ ಸ್ಪ್ರೇಗ್ ಕ್ರೀಕ್‌ವರೆಗೆ ಎರಡೂ ದಿಕ್ಕಿನಲ್ಲಿ, ಲೋಗನ್ ಕ್ರೀಕ್‌ನಿಂದ ಲೋಗನ್ ಪಾಸ್‌ವರೆಗೆ ಏರುವ ದಿಕ್ಕಿನಲ್ಲಿ. ಲೋಗನ್ ಕ್ರೀಕ್‌ನಿಂದ ಮೇಲೆ ತಲುಪಲು ಸಾಧಾರಣ ಸವಾರನಿಗೆ ಮೂರು ಗಂಟೆ ಬೇಕಾಗುತ್ತದೆ. ಅಂದರೆ ಎಂಟು ಗಂಟೆಯೊಳಗೆ ಅಲ್ಲಿಂದ ಹೊರಟಿರಬೇಕು. ಅವಲಾಂಚ್ ಕ್ರೀಕ್ ಬಿಟ್ಟ ಮೇಲೆ ಏರಿನುದ್ದಕ್ಕೂ ಅಂಗಡಿಯಿಲ್ಲ, ಲೋಗನ್ ಪಾಸ್‌ನಲ್ಲಿ ಮಾಹಿತಿ ಕೇಂದ್ರವಿದ್ದರೂ ಊಟ ಸಿಗುವುದಿಲ್ಲ. ಬುತ್ತಿ, ನೀರು, ಮಳೆಯಂಗಿ ಜೊತೆಯಲ್ಲೇ ಇರಬೇಕು.

ಪೂರ್ವದ ಇಳಿಜಾರು 29 ಕಿ.ಮೀ. ಆರಂಭದಲ್ಲೇ 124 ಮೀಟರ್ ಉದ್ದದ ಪೂರ್ವ ಸುರಂಗ ಸಿಗುತ್ತದೆ. ಅದರೊಳಗೆ ದೀಪ ಹಾಕಿಕೊಂಡು ಹೋಗುವುದು ಒಳ್ಳೆಯದು. ಆಮೇಲೆ ಸೈಯೇ ಬೆಂಡ್, ಅದಾದ ಮೇಲೆ ಜಾಕ್ಸನ್ ಹಿಮನದಿ ಕಾಣುವ ತಂಗುಜಾಗ. 1850ರ ಹೊತ್ತಿಗೆ ಈ ಪ್ರದೇಶದಲ್ಲಿ ಸುಮಾರು 150 ಹಿಮನದಿಗಳಿದ್ದವು. ಈಗ ಉಳಿದಿರುವುದು ಇಪ್ಪತ್ತೈದರ ಸುಮಾರು. ರಸ್ತೆಯಿಂದಲೇ ಕಾಣುವಂಥವು ತೀರ ಕೆಲವು, ಆದ್ದರಿಂದ ಇಲ್ಲಿ ಸೈಕಲ್ ನಿಲ್ಲಿಸದೆ ಹೋಗಬಾರದು. ಕೆಳಗೆ ಸೇಂಟ್ ಮೇರಿ ಸರೋವರದ ಬದಿಯಲ್ಲಿ 2015ರ ಬೆಂಕಿಗೆ ಸಿಕ್ಕ ಮರಗಳ ಬೋಳು ಕಾಂಡಗಳು ನಿಂತಿವೆ. ಈ ಕಣಿವೆಯಲ್ಲಿ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. ಪಶ್ಚಿಮದಿಂದ ಬಂದವರಿಗೆ ಅದು ಬೆನ್ನುಗಾಳಿ, ಸೇಂಟ್ ಮೇರಿಯಿಂದ ಹತ್ತುವವರಿಗೆ ಎದುರುಗಾಳಿ. ಪೂರ್ವದ ಏರು ಎತ್ತರದ ಲೆಕ್ಕದಲ್ಲಿ ಕಡಿಮೆಯಾದರೂ ಗಾಳಿಯ ದಿನ ಅದೇ ಕಷ್ಟ.

ವಸಂತಕಾಲದ ಸವಾರಿಯ ಬಗೆ ಬೇರೆ. ಏಪ್ರಿಲ್‌ನಲ್ಲಿ ಹಿಮ ತೆಗೆಯುವ ಯಂತ್ರಗಳು ಕೆಲಸ ಆರಂಭಿಸುತ್ತವೆ. ಲೋಗನ್ ಪಾಸ್‌ನ ಪೂರ್ವಕ್ಕಿರುವ 'ಬಿಗ್ ಡ್ರಿಫ್ಟ್'ನಲ್ಲಿ ಹಿಮದ ರಾಶಿ ಕೆಲವು ವರ್ಷ 24 ಮೀಟರ್ ಮುಟ್ಟುತ್ತದೆ. ಪೂರ್ಣ ರಸ್ತೆ ಕಾರುಗಳಿಗೆ ತೆರೆಯುವುದು ಸಾಮಾನ್ಯವಾಗಿ ಜೂನ್ ನಡುವಿನಿಂದ ಜುಲೈ ಮೊದಲ ಭಾಗದೊಳಗೆ. ಅದಕ್ಕೂ ಮುಂಚೆ, ಕಾರುಗಳನ್ನು ತಡೆಯುವ ಗೇಟಿನಾಚೆ ಹಿಮ ತೆಗೆದಷ್ಟು ದೂರ ನಡೆಯುವವರಿಗೂ ಸೈಕಲ್‌ನವರಿಗೂ ಅವಕಾಶವಿದೆ. ಕೆಲಸ ನಡೆಯುವ ದಿನಗಳಲ್ಲಿ ಗಡಿ ಹಿಂದಕ್ಕಿರುತ್ತದೆ, ವಾರಾಂತ್ಯದಲ್ಲಿ ಇನ್ನಷ್ಟು ಮೇಲಕ್ಕೆ ಹೋಗಬಹುದು. ಹಿಮಪಾತದ ಅಪಾಯವಿದ್ದರೆ ಫಲಕ ಹಾಕಿ ತಡೆಯುತ್ತಾರೆ. ಹಿಮ ಜಾರುವ ಜಾಗಗಳಲ್ಲಿ ಅಂಚಿನ ಮರದ ತಡೆಗಳನ್ನು ಚಳಿಗಾಲಕ್ಕೆ ಕಳಚಿಡುವುದರಿಂದ, ಈ ದಿನಗಳಲ್ಲಿ ಕೆಲವೆಡೆ ಪ್ರಪಾತಕ್ಕೆ ಅಡ್ಡವೇ ಇರುವುದಿಲ್ಲ. ಇಳಿಯುವಾಗ ಬೆಟ್ಟದ ಮಗ್ಗುಲಿಗೆ ಸರಿದಿರಬೇಕು. ಇಷ್ಟಾದರೂ ಕಾರಿನ ಸದ್ದಿಲ್ಲದ ಈ ಕೆಲವೇ ವಾರಗಳು ಈ ರಸ್ತೆಯ ಅತ್ಯುತ್ತಮ ಕಾಲ. ಗೇಟಿನಿಂದ ಹೊರಟು ಬಂದ ದಾರಿಯಲ್ಲೇ ಮರಳಬೇಕೆಂಬುದೊಂದೇ ಕೊರತೆ.

ಉಳಿದ ಮಾರ್ಗಗಳಲ್ಲಿ ಉದ್ಯಾನವನ್ನು ಸುತ್ತುವ ಸುಮಾರು 220 ಕಿ.ಮೀ. ವರ್ತುಲ ಗಮನಾರ್ಹ. ಲೋಗನ್ ಪಾಸ್ ದಾಟಿ ಸೇಂಟ್ ಮೇರಿಗೆ ಇಳಿದವರು ದಕ್ಷಿಣಕ್ಕೆ ಈಸ್ಟ್ ಗ್ಲೇಸಿಯರ್‌ಗೆ ಸಾಗಿ, 2ನೇ ಹೆದ್ದಾರಿಯಲ್ಲಿ ಮರಾಯಸ್ ಪಾಸ್ ಮೂಲಕ ಹೊರಟ ಜಾಗಕ್ಕೆ ಬರುತ್ತಾರೆ. 1,589 ಮೀಟರ್ ಎತ್ತರದ ಮರಾಯಸ್ ರೈಲುಹಳಿಯೂ ಹಾದುಹೋಗುವ ದಾರಿ, ಹಾಗಾಗಿ ಏರು ಸೌಮ್ಯ. ಪೂರ್ವದ ಭಾಗ ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಮೀಸಲು ಪ್ರದೇಶ. ಅಲ್ಲಿ ಬಿಡಾರ ಹೂಡುವುದಕ್ಕೆ ಅವರದೇ ನಿಯಮಗಳಿವೆ, ರಸ್ತೆಯ ಮೇಲೆ ದನಕರುಗಳೂ ಅಡ್ಡ ಬರುತ್ತವೆ. ಮಿಸೌಲಾ ನಗರದ ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಷನ್ ರೂಪಿಸಿದ, ವಾಷಿಂಗ್ಟನ್ ರಾಜ್ಯದ ಅನಾಕೋರ್ಟಿಸ್‌ನಿಂದ ಮೇನ್ ರಾಜ್ಯದ ಬಾರ್ ಹಾರ್ಬರ್‌ವರೆಗಿನ 'ನಾರ್ದರ್ನ್ ಟಿಯರ್' ಮಾರ್ಗವೂ ಲೋಗನ್ ಪಾಸ್ ಮೇಲೆಯೇ ಹಾಯುತ್ತದೆ. ಕೆನಡಾದ ವಾಟರ್ಟನ್ ಲೇಕ್ಸ್ ಉದ್ಯಾನಕ್ಕೆ ಚೀಫ್ ಮೌಂಟನ್ ಹೆದ್ದಾರಿ ಹೋಗುತ್ತದೆ. ಎರಡೂ ಉದ್ಯಾನಗಳು 1932ರಿಂದ ಅಂತಾರಾಷ್ಟ್ರೀಯ ಶಾಂತಿ ಉದ್ಯಾನವಾಗಿ ಜೊತೆಗೂಡಿವೆ, 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಆದರೂ ಭಾರತೀಯ ಪಾಸ್‌ಪೋರ್ಟ್ ಇರುವ ಪ್ರವಾಸಿಗಳಿಗೆ ಎರಡು ದೇಶಗಳ ವೀಸಾವೂ ಬೇಕು.

ವಸತಿಗೆ ತೊಂದರೆಯಿಲ್ಲ. ಹಲವು ಬಿಡಾರ ತಾಣಗಳಲ್ಲಿ ನಡೆದು ಅಥವಾ ಸೈಕಲ್ಲಿನಲ್ಲಿ ಬಂದವರಿಗೆಂದೇ ಕೆಲವು ಜಾಗಗಳನ್ನು ಮೀಸಲಿಡುತ್ತಾರೆ. ಆಹಾರವನ್ನು, ಸೋಪು ಪೇಸ್ಟುಗಳನ್ನೂ ಸೇರಿಸಿ, ಲೋಹದ ಪೆಟ್ಟಿಗೆಯಲ್ಲಿ ಭದ್ರಪಡಿಸುವುದು ಕಡ್ಡಾಯ. ಇದು ಗ್ರಿಜ್ಲಿ ಮತ್ತು ಕಪ್ಪು ಕರಡಿಗಳ ನಾಡು. ಸೈಕಲ್ ಸದ್ದಿಲ್ಲದೆ, ವೇಗವಾಗಿ ಬರುವುದರಿಂದ ಕರಡಿ ಬೆಚ್ಚಿ ಮೇಲೆರಗುವ ಅಪಾಯ ನಡೆಯುವವರಿಗಿಂತ ಹೆಚ್ಚು. 2016ರಲ್ಲಿ ಉದ್ಯಾನದ ಹೊರಗೆ, ವೆಸ್ಟ್ ಗ್ಲೇಸಿಯರ್ ಸಮೀಪದ ಕಾಡುದಾರಿಯಲ್ಲಿ ಸವಾರರೊಬ್ಬರು ಹೀಗೆಯೇ ಕರಡಿಗೆ ಢಿಕ್ಕಿಯಾಗಿ ಪ್ರಾಣ ಕಳೆದುಕೊಂಡರು. ಎದುರು ಕಾಣದ ತಿರುವುಗಳಲ್ಲಿ ವೇಗ ತಗ್ಗಿಸಿ, ಗಂಟೆಯನ್ನಷ್ಟೇ ನೆಚ್ಚದೆ ಬಾಯಿಬಿಟ್ಟು ಕೂಗಿ. ಕರಡಿ ಓಡಿಸುವ ಸ್ಪ್ರೇಯನ್ನು ಚೀಲದೊಳಗೆ ತುರುಕದೆ ಕೈಗೆ ಎಟುಕುವಂತೆ ಕಟ್ಟಿಕೊಳ್ಳಿ. ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲವಾದ್ದರಿಂದ ಉದ್ಯಾನದ ಬಳಿಯ ಊರಿನಲ್ಲೇ ಕೊಳ್ಳಬೇಕು.