ಗಣಿತಸಾರಸಂಗ್ರಹದ ಒಂದು ಗತಿಪ್ರಶ್ನೆ

ಕಲಬುರಗಿ ನಗರದ ಬ್ರಹ್ಮಪುರದಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ (ಕ್ರಿ.ಶ. 814-878) ಹೆಸರಿನೊಡನೆ ಕವಿರಾಜಮಾರ್ಗವು ನೆನಪಾಗುವಂತೆ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ನೆನಪಾಗುವುದಿಲ್ಲ. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಕೃತಿಯ ಆರಂಭದಲ್ಲಿ ನೃಪತುಂಗನ ಪ್ರಶಂಸೆಯಿದೆ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು.

ಇದರ ಮಿಶ್ರಕವ್ಯವಹಾರದಲ್ಲಿ ಬರುವ ಒಂದು ಪ್ರಶ್ನೆ ಹೀಗಿದೆ: ಒಬ್ಬನ ಗತಿ ಮೊದಲಿಗೆ 3, ಅದು 8ರಂತೆ ಹೆಚ್ಚುತ್ತ ಹೋಗುತ್ತದೆ. ಜೊತೆಯಲ್ಲಿಯೇ ಹೊರಟ ಇನ್ನೊಬ್ಬನದು 21ರ ಧ್ರುವಗತಿ. ಇವರು ಮತ್ತೆ ಕೂಡುವ ಕಾಲವೆಷ್ಟು? ಧ್ರುವಗತಿಯಲ್ಲಿ ಆದಿಯನ್ನು ಕಳೆದು, ಚಯದ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಿಸಬೇಕೆಂಬುದು ಸೂತ್ರ. 18ನ್ನು 4ರಿಂದ ಭಾಗಿಸಿ 1ನ್ನು ಕೂಡಿಸಿದರೆ ಐದೂವರೆ.

ಈ 'ಅರ್ಧ'ವೇ ವಿಚಾರಾರ್ಹವಾದುದು. ಕಾಲಮಾನವನ್ನು ದಿನವೆಂದು ಗ್ರಹಿಸಿ, ಗತಿಯು ದಿನಕ್ಕೊಮ್ಮೆ ಮಾತ್ರ ಏರುತ್ತದೆಂದು ಭಾವಿಸೋಣ. ಐದು ದಿನಗಳಲ್ಲಿ ಮೊದಲಿನವನು 95, ಎರಡನೆಯವನು 105 ಮಾನಗಳಷ್ಟು ಕ್ರಮಿಸಿರುತ್ತಾರೆ. ಆರನೆಯ ದಿನದ ಗತಿ 43 ಆದುದರಿಂದ ಉಳಿದ 10ರ ಅಂತರವು ದಿನದ 5/11 ಭಾಗದಲ್ಲಿಯೇ ನೀಗಬೇಕು. ಇದು ಆಚಾರ್ಯನ ಪ್ರಮಾದವಲ್ಲ. ಶ್ರೇಢಿಯ ಮೊತ್ತದ ನಿಯಮವನ್ನು ಆತನು ಭಿನ್ನರೂಪದ ಗಚ್ಛಕ್ಕೂ ಅನ್ವಯಿಸಿದ್ದಾನೆ. ಹಾಗೆ ಅನ್ವಯಿಸಿದಾಗ ಇಬ್ಬರೂ 115½ ಮಾನಗಳನ್ನು ಕ್ರಮಿಸಿರುತ್ತಾರೆ. ಗತಿಯು ಎಡೆಬಿಡದೆ ಸಮನಾಗಿ ವೃದ್ಧಿಸಿದರೆ ದೊರೆಯುವ ಸಂಬಂಧವೂ ಇದೇ.

ಹಾಗೆಂದು ಗೆಲಿಲಿಯೊನನ್ನು ಮಾನ್ಯಖೇಟದಲ್ಲಿ ಹುಡುಕುವುದು ಉಚಿತವಲ್ಲ. ನಿಶ್ಚಲ ಸ್ಥಿತಿಯಿಂದ ಬೀಳುವ ವಸ್ತುವು ಸಮಾನ ಕಾಲಾವಧಿಗಳಲ್ಲಿ 1, 3, 5, 7ರ ಪ್ರಮಾಣದಲ್ಲಿ ದೂರವನ್ನು ಕ್ರಮಿಸುತ್ತದೆಂದು 1638ರ ತನ್ನ ಗ್ರಂಥದಲ್ಲಿ ಆತನು ನಿರೂಪಿಸಿದ್ದು ನಿಸರ್ಗದ ಕುರಿತು. ಮಹಾವೀರನ 3, 11, 19, 27 ಎಂಬ ಸಾಲು ಗಣಿತದ್ದು. ಅಲ್ಲಿ ಕ್ಷಣದ ವೇಗವೆಂಬ ಕಲ್ಪನೆಯಿಲ್ಲ.

ಹೋಲಿಕೆಯನ್ನು ಅರಸುವುದಾದರೆ ಶ್ರೀಧರಾಚಾರ್ಯನ ಪಾಟೀಗಣಿತದ ಶ್ರೇಢೀಕ್ಷೇತ್ರವು ಹೆಚ್ಚು ಪ್ರಯೋಜನಕಾರಿ. ಅಲ್ಲಿ ಶ್ರೇಢಿಯೇ ಒಂದು ಸಮಲಂಬ ಚತುರ್ಭುಜ: ಎತ್ತರವು ಗಚ್ಛ, ತಳವು ಆದಿಯಿಂದ ಅರ್ಧ ಚಯವನ್ನು ಕಳೆದ ಮೊತ್ತ, ಕ್ಷೇತ್ರಫಲವು ಶ್ರೇಢಿಯ ಮೊತ್ತ. ಎತ್ತರವನ್ನು ಕಾಲವೆಂದು ಓದಿದರೆ ಅದು ಇಂದಿನ ಪಠ್ಯಪುಸ್ತಕದ ವೇಗ-ಕಾಲ ನಕ್ಷೆಯೇ ಆಗುತ್ತದೆ. ಮೇಲಿನ ಪ್ರಶ್ನೆಯಲ್ಲಿ ಆ ತಳದ ಬೆಲೆ 3ರಿಂದ 4ನ್ನು ಕಳೆದ ಋಣ 1.