ನಾಯಿಯ ಗಾತ್ರ: ಗೆಲಿಲಿಯೋನಿಂದ ಜಯನಗರದವರೆಗೆ

ಮನೆಗೊಂದು ನಾಯಿ ಬೇಕೆಂದು ತೀರ್ಮಾನವಾದ ಕೂಡಲೇ ಏಳುವ ಪ್ರಶ್ನೆ ಎಂದರೆ ಚಿಕ್ಕ ತಳಿಯೋ, ದೊಡ್ಡ ತಳಿಯೋ ಎಂಬುದು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಹಳೆಯ ಮನೆಗಳಿಗೆ ಕಾಂಪೌಂಡು, ಹಿತ್ತಲು ಇದ್ದವು. ಇಂದು ಅಲ್ಲಿಯೂ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿಯೂ ಬಹುಮಹಡಿ ವಸತಿಗಳು ಹೆಚ್ಚಿವೆ. 2018ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಫ್ಲಾಟಿಗೆ ಒಂದು ನಾಯಿ, ಪ್ರತ್ಯೇಕ ಮನೆಗೆ ಮೂರು ನಾಯಿ ಎಂಬ ಮಿತಿಯನ್ನೂ ಫ್ಲಾಟಿಗೆ ತಕ್ಕ ತಳಿಗಳ ಪಟ್ಟಿಯನ್ನೂ ಪ್ರಕಟಿಸಿತ್ತು. ಪ್ರಾಣಿಪ್ರಿಯರ ವಿರೋಧದಿಂದಾಗಿ ಅದು ಜಾರಿಯಾಗದೆ ನಿಂತಿತು. ಮನೆಯ ವಿಸ್ತೀರ್ಣ ನೋಡಿ ನಾಯಿಯ ಅಳತೆ ನಿರ್ಧರಿಸುವುದು ಸರಿಯೇ? ಉತ್ತರಕ್ಕಾಗಿ ಸುಮಾರು ನಾಲ್ಕು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕು.

ಗೆಲಿಲಿಯೋನ ವಾದ

1638ರಲ್ಲಿ ಪ್ರಕಟವಾದ ‘ಎರಡು ಹೊಸ ವಿಜ್ಞಾನಗಳು’ ಕೃತಿಯಲ್ಲಿ ಗೆಲಿಲಿಯೋ ಒಂದು ಕುತೂಹಲಕರ ಹೋಲಿಕೆ ಕೊಟ್ಟಿದ್ದಾನೆ. ಚಿಕ್ಕ ನಾಯಿಯೊಂದು ತನ್ನಷ್ಟೇ ದೊಡ್ಡ ಎರಡು ಮೂರು ನಾಯಿಗಳನ್ನು ಬೆನ್ನ ಮೇಲೆ ಹೊರಬಲ್ಲದು. ಕುದುರೆಗೆ ಇನ್ನೊಂದು ಕುದುರೆಯನ್ನು ಹೊರುವುದೂ ಕಷ್ಟ ಎಂಬುದು ಅದರ ತಾತ್ಪರ್ಯ. ಕಾರಣ ಸರಳ. ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಗೊಳಿಸಿದರೆ ತೂಕ ಎಂಟು ಪಟ್ಟಾಗುತ್ತದೆ. ಆ ಭಾರ ತಡೆಯುವ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟು ಮಾತ್ರ ಆಗುತ್ತದೆ. ಆದ್ದರಿಂದ ಮೂಳೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಎರಡು ಪಟ್ಟು. ದೊಡ್ಡ ನಾಯಿ ಎಂದರೆ ಹಿಗ್ಗಿಸಿದ ಚಿಕ್ಕ ನಾಯಿಯಲ್ಲ ಎಂಬುದು ಇಲ್ಲಿಂದ ಸ್ಪಷ್ಟವಾಗುತ್ತದೆ.

ರೂಬ್ನರ್‌ನ ಏಳು ನಾಯಿಗಳು

ದೇಹದ ಹೊರಮೈಯ ಲೆಕ್ಕವೂ ಇದೇ ರೀತಿಯದು. ಉಷ್ಣ ಉತ್ಪತ್ತಿಯಾಗುವುದು ದೇಹದ ಒಳಗೆಲ್ಲ. ಹೊರಹೋಗುವುದು ಬಹುಪಾಲು ಮೇಲ್ಮೈಯ ಮೂಲಕ. ಹಾಗಾದರೆ ಚಿಕ್ಕ ಪ್ರಾಣಿಯು ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಉಷ್ಣವನ್ನು ಕಳೆದುಕೊಳ್ಳಬೇಕಲ್ಲವೆ? 1883ರಲ್ಲಿ ಜರ್ಮನಿಯ ಶರೀರವಿಜ್ಞಾನಿ ಮ್ಯಾಕ್ಸ್ ರೂಬ್ನರ್ ಇದಕ್ಕೆ ಅಂಕಿಗಳನ್ನು ಒದಗಿಸಿದ. ಅವನು ಆರಿಸಿಕೊಂಡದ್ದು ಸುಮಾರು 3 ಕಿಲೋಗ್ರಾಂನಿಂದ 31 ಕಿಲೋಗ್ರಾಂವರೆಗಿನ ಏಳು ನಾಯಿಗಳನ್ನು. ಪ್ರಾಣಿ ಒಂದೇ, ಗಾತ್ರ ಹತ್ತು ಪಟ್ಟು ಬೇರೆ! ಇಂಥ ಪ್ರಯೋಗಕ್ಕೆ ನಾಯಿಗಿಂತ ಅನುಕೂಲವಾದ ಪ್ರಾಣಿ ಇನ್ನೊಂದಿಲ್ಲ.

ಫಲಿತಾಂಶ ಗಮನಾರ್ಹ. ಅತಿ ದೊಡ್ಡ ನಾಯಿ ದಿನಕ್ಕೆ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 36 ಕಿಲೋಕ್ಯಾಲೊರಿ ಉಷ್ಣವನ್ನು ಹೊರಸೂಸಿದರೆ, ಅತಿ ಚಿಕ್ಕದು ಸುಮಾರು 88 ಕಿಲೋಕ್ಯಾಲೊರಿ ಹೊರಸೂಸಿತು. ಆದರೆ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಲೆಕ್ಕಹಾಕಿದಾಗ ಏಳೂ ನಾಯಿಗಳು ಸುಮಾರು 1,000ದಿಂದ 1,200 ಕಿಲೋಕ್ಯಾಲೊರಿಗಳ ನಡುವೆ ಬಂದವು. 1932ರಲ್ಲಿ ಮ್ಯಾಕ್ಸ್ ಕ್ಲೈಬರ್, ಬೇರೆ ಬೇರೆ ಪ್ರಾಣಿಗಳನ್ನು ಹೋಲಿಸಿ, ವಿಶ್ರಾಂತಿಯ ಶಕ್ತಿವ್ಯಯವು ದ್ರವ್ಯರಾಶಿಯ ಸುಮಾರು 3/4ನೆಯ ಘಾತಕ್ಕೆ ಅನುಪಾತದಲ್ಲಿದೆ ಎಂದು ಈ ನಿಯಮವನ್ನು ತಿದ್ದಿದ. ಅದರಂತೆ 32 ಕಿಲೋಗ್ರಾಂ ನಾಯಿಗೆ 4 ಕಿಲೋಗ್ರಾಂ ನಾಯಿಯ ಎಂಟು ಪಟ್ಟು ಆಹಾರ ಬೇಡ; ಐದು ಪಟ್ಟಿಗಿಂತ ತುಸು ಕಡಿಮೆ ಸಾಕು.

ಬೆಂಗಳೂರಿನ ಏಪ್ರಿಲ್

ಇದೇ ಲೆಕ್ಕದ ಇನ್ನೊಂದು ಮುಖವನ್ನು ನೋಡಿ. ಓಡಿ ದಣಿದಾಗ ಸ್ನಾಯುಗಳಲ್ಲಿ ಹುಟ್ಟುವ ಉಷ್ಣವನ್ನು ಹೊರಹಾಕಲು ದೊಡ್ಡ ನಾಯಿಗೆ ಪ್ರತಿ ಕಿಲೋಗ್ರಾಂಗೆ ದೊರೆಯುವ ಮೇಲ್ಮೈ ಕಡಿಮೆ. ನಾಯಿಯ ದೇಹದ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 34 ಡಿಗ್ರಿ. ವ್ಯತ್ಯಾಸ ಇಷ್ಟು ಕಡಿಮೆಯಾದಾಗ ವಹನ, ಸಂವಹನ, ವಿಕಿರಣಗಳಿಂದ ಉಷ್ಣ ಹೆಚ್ಚು ಹೊರಹೋಗದು. ಉಳಿಯುವುದು ನೀರಿನ ಆವೀಕರಣ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು ಮೂಗು, ಬಾಯಿ, ನಾಲಿಗೆಗಳ ತೇವವನ್ನು ಆವಿಯಾಗಿಸಿ ತಣಿಯುತ್ತದೆ.

ಹಾಗಾದರೆ ಚಿಕ್ಕ ನಾಯಿಯೇ ಕ್ಷೇಮವೆ? ಅವಸರ ಬೇಡ. 2003ರಲ್ಲಿ ಹಚ್ ಕಂಪನಿಯ ದೂರವಾಣಿ ಜಾಹೀರಾತಿನಲ್ಲಿ ಬಾಲಕನ ಹಿಂದೆ ಓಡುವ ಪಗ್ ನಾಯಿಯನ್ನು ನೀವು ನೋಡಿರಬಹುದು. ಆ ಬಳಿಕ ನಮ್ಮ ನಗರಗಳಲ್ಲಿ ಪಗ್ ಬಹು ಜನಪ್ರಿಯವಾಯಿತು. ಅದು ಗಾತ್ರದಲ್ಲಿ ಚಿಕ್ಕದೇ. ಆದರೆ ಅದರ ಮೋರೆ ಚಪ್ಪಟೆ, ಉಸಿರಿನ ಮಾರ್ಗ ಇಕ್ಕಟ್ಟು. ಆವೀಕರಣಕ್ಕೆ ಬೇಕಾದ ಒಳಮೈಯೇ ಕಡಿಮೆಯಾದುದರಿಂದ ಸೆಖೆಯಲ್ಲಿ ಅದು ಬೇಗ ಬಳಲುತ್ತದೆ. ಇದಕ್ಕೆ ವಿರುದ್ಧ ಉದಾಹರಣೆ ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿ ಹೊರತಂದಿತು. ಸುಮಾರು 70 ಸೆಂಟಿಮೀಟರ್ ಎತ್ತರವಿದ್ದರೂ ತೂಕ 25 ಕಿಲೋಗ್ರಾಂ ಆಸುಪಾಸು. ನೀಳ ಮೂತಿ, ತೆಳು ಮೈ, ಗಿಡ್ಡ ರೋಮ. ಉಷ್ಣ ಕಳೆಯಲು ಹೇಳಿ ಮಾಡಿಸಿದ ಆಕಾರ! ಆದರೆ ಅದು ಓಡಲೆಂದೇ ಬೆಳೆಸಿದ ತಳಿ. ಬಾಲ್ಕನಿಯಲ್ಲಿ ಕಟ್ಟಿಹಾಕಿದರೆ ಅದಕ್ಕೆ ಅನ್ಯಾಯವಾಗುತ್ತದೆ.

ಆಯುಷ್ಯ ಮತ್ತು ಜೀನ್

ಸ್ತನಿಗಳಲ್ಲಿ ಸಾಮಾನ್ಯವಾಗಿ ದೊಡ್ಡವು ಹೆಚ್ಚು ಕಾಲ ಬದುಕುತ್ತವೆ. ಇಲಿಗಿಂತ ಆನೆ ದೀರ್ಘಾಯು. ನಾಯಿಗಳೊಳಗೆ ಇದು ತಿರುವುಮುರುವು. 2013ರಲ್ಲಿ ಪ್ರಕಟವಾದ 74 ತಳಿಗಳ ಅಧ್ಯಯನದ ಪ್ರಕಾರ, ತೂಕ 2 ಕಿಲೋಗ್ರಾಂ ಹೆಚ್ಚಿದಂತೆ ನಿರೀಕ್ಷಿತ ಆಯುಷ್ಯ ಸುಮಾರು ಒಂದು ತಿಂಗಳು ಕುಗ್ಗುತ್ತದೆ. ದೊಡ್ಡ ತಳಿಗಳು ಬೇಗ ಮುಪ್ಪಾಗುವುದೇ ಇದಕ್ಕೆ ಮುಖ್ಯ ಕಾರಣ.

ಗಾತ್ರದ ಬೀಗದ ಕೈ ಎಲ್ಲಿದೆ? 2007ರಲ್ಲಿ ವಿಜ್ಞಾನಿಗಳು ಐಜಿಎಫ್-1 ಎಂಬ ಬೆಳವಣಿಗೆಯ ಜೀನಿನ ಒಂದು ರೂಪ ಚಿಕ್ಕ ತಳಿಗಳಲ್ಲಿ ವ್ಯಾಪಕವಾಗಿದೆಯೆಂದು ತೋರಿಸಿದರು. ಈ ಜೀನನ್ನು ನಿಯಂತ್ರಿಸುವ ಅಂಥದೇ ಒಂದು ವ್ಯತ್ಯಾಸ, ಸುಮಾರು 54,000 ವರ್ಷ ಹಿಂದಿನ ಸೈಬೀರಿಯದ ತೋಳದಲ್ಲಿಯೇ ಇತ್ತೆಂದು 2022ರಲ್ಲಿ ತಿಳಿದುಬಂತು. ಅಂದರೆ ಕುಬ್ಜತೆಯ ಬೀಜ ಮನುಷ್ಯ ನಾಯಿಯನ್ನು ಸಾಕುವ ಮೊದಲೇ ಇತ್ತು. ಮನುಷ್ಯ ಅದನ್ನು ಆರಿಸಿ ಬೆಳೆಸಿದ.

ಆಯ್ಕೆಗೆ ಮುನ್ನ

ಈಗ ಮೊದಲ ಪ್ರಶ್ನೆಗೆ ಬರೋಣ. ಮನೆಯ ಚದರಡಿ ಮುಖ್ಯವೇ, ಆದರೆ ಅದೊಂದೇ ಸಾಲದು. ದಿನದ ಆಹಾರವೆಷ್ಟು? ಬೇಸಿಗೆಯ ಮಧ್ಯಾಹ್ನ ನಾಯಿ ಹೇಗೆ ತಣಿದೀತು? ದಿನವೂ ಅದನ್ನು ಓಡಾಡಿಸುವವರು ಯಾರು? ಹತ್ತು ಹದಿನೈದು ವರ್ಷ ಜೊತೆಗಿರಲು ನೀವು ಸಿದ್ಧರೆ? ಮರಿಯನ್ನು ಎತ್ತಿಕೊಳ್ಳುವ ಮುನ್ನ ಇವಿಷ್ಟಕ್ಕೂ ಉತ್ತರ ಬರೆದುಕೊಳ್ಳಿ. ನಾವು ಲೆಕ್ಕ ತಪ್ಪಿದರೆ ಬವಣೆಪಡುವುದು ಆಯ್ಕೆಯ ಅವಕಾಶವೇ ಇಲ್ಲದ ಆ ಪ್ರಾಣಿ.

ಅಧ್ಯಾಪಕರು ತರಗತಿಯಲ್ಲಿ ಇದನ್ನೊಂದು ಚಟುವಟಿಕೆಯಾಗಿಸಬಹುದು. ಒಂದೇ ಆಕಾರದ ಚಿಕ್ಕ, ದೊಡ್ಡ ಎರಡು ಸ್ಟೀಲ್ ಪಾತ್ರೆಗಳಲ್ಲಿ ಒಂದೇ ಉಷ್ಣತೆಯ ಬಿಸಿನೀರು ತುಂಬಿ, ಮುಚ್ಚಿ, ಐದೈದು ನಿಮಿಷಕ್ಕೆ ಉಷ್ಣತೆಯನ್ನು ಗುರುತಿಸಿ ಆಲೇಖ ಎಳೆಯಲು ಹೇಳಿ. ಯಾವುದು ಬೇಗ ಆರುತ್ತದೆ, ಏಕೆ ಎಂಬುದನ್ನು ವಿದ್ಯಾರ್ಥಿಗಳೇ ವಿವರಿಸಲಿ. ರೂಬ್ನರ್‌ನ ನಿಯಮದ ತಿರುಳು ಅವರಿಗೆ ಅಲ್ಲಿಯೇ ದೊರಕುತ್ತದೆ.