ಮತ್ತೆ ಮತ್ತೆ ಬರುವ ಸಾಲುಗಳು: ಜೀನೋಮಿನ ಆಸರೆ, ಜೀನೋಮಿನ ಬಿರುಕು

1968ರಲ್ಲಿ ಅಮೆರಿಕದ ಕಾರ್ನೆಗೀ ಸಂಸ್ಥೆಯ ರಾಯ್ ಬ್ರಿಟನ್ ಮತ್ತು ಡೇವಿಡ್ ಕೋನ್ ಅವರ ಪ್ರಬಂಧವೊಂದು ಜೀವವಿಜ್ಞಾನಿಗಳನ್ನು ಬೆರಗುಗೊಳಿಸಿತು. ಡಿಎನ್‌ಎಯನ್ನು ಚೂರು ಮಾಡಿ ಕಾಯಿಸಿದರೆ ಅದರ ಎರಡೆಳೆಗಳು ಬಿಚ್ಚಿಕೊಳ್ಳುತ್ತವೆ. ಆರಿದ ಮೇಲೆ ಪ್ರತಿ ಎಳೆಯೂ ತನಗೆ ಹೊಂದುವ ಜೊತೆಯನ್ನು ಸೇರಿಕೊಳ್ಳುತ್ತದೆ. ಒಂದೇ ಪ್ರತಿಯಿರುವ ಚೂರಿಗೆ ಜೊತೆ ಸಿಗಲು ಬಹಳ ಹೊತ್ತು ಬೇಕು. ಆದರೆ ಇಲಿಯ ಡಿಎನ್‌ಎಯಲ್ಲಿ ಸುಮಾರು ಹತ್ತನೇ ಒಂದು ಪಾಲು ನೋಡನೋಡುತ್ತಲೇ ಕೂಡಿಕೊಂಡಿತ್ತು. ಒಂದೇ ಸಾಲು ಲಕ್ಷಗಟ್ಟಲೆ ಸಲ ಇದ್ದರೆ ಮಾತ್ರ ಹೀಗಾಗಲು ಸಾಧ್ಯ. ಮನುಷ್ಯರದ್ದೂ ಇದೇ ಕಥೆ. ನಮ್ಮ ಜೀನೋಮಿನಲ್ಲಿ ಪ್ರೋಟೀನಿಗೆ ಸೂಚನೆ ಕೊಡುವ ಭಾಗ ಶೇಕಡಾ 2ಕ್ಕಿಂತ ಕಡಿಮೆ. ಮರುಕಳಿಸುವ ಸಾಲುಗಳು ಸುಮಾರು ಅರ್ಧ.

ಎರಡೇ ವರ್ಷಗಳಲ್ಲಿ ಮೇರಿ ಲೂ ಪಾರ್ಡ್ಯೂ ಮತ್ತು ಜೋಸೆಫ್ ಗಾಲ್ ಇಲಿಯ ಈ ಸಾಲುಗಳು ಎಲ್ಲಿವೆ ಎಂದು ತೋರಿಸಿದರು: ವರ್ಣತಂತುವಿನ ನಡುಕಟ್ಟಾದ ಸೆಂಟ್ರೊಮಿಯರ್ ಬಳಿ. ಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಆಚೀಚೆ ಎಳೆಯುವ ಎಳೆಗಳು ಹಿಡಿದುಕೊಳ್ಳುವುದು ಅಲ್ಲಿಯೇ. ಇದೊಂದು ದೊಡ್ಡ ಸುಳಿವಾಗಿತ್ತು. ಆದರೆ 1972ರಲ್ಲಿ ಸುಸುಮು ಓನೊ ಬಳಕೆಗೆ ತಂದ ‘ಜಂಕ್ ಡಿಎನ್‌ಎ’ ಎಂಬ ಮಾತೇ ಜನಮನದಲ್ಲಿ ನಿಂತಿತು. ಓನೊ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ. ಜೀನೋಮಿನ ಪ್ರತಿ ಅಕ್ಷರವೂ ಅನಿವಾರ್ಯವಾಗಿದ್ದರೆ ಪ್ರತಿ ಪೀಳಿಗೆಯಲ್ಲಿ ಆಗುವ ತಪ್ಪುಗಳ ಹೊರೆಯನ್ನು ಯಾವ ಜೀವಿಯೂ ತಾಳಲಾರದು. ಎಷ್ಟೋ ಸಾಲುಗಳಿಗೆ ಕೆಲಸವಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆಗ ಓದಲಾಗದ್ದನ್ನೆಲ್ಲ ಕಸದ ಲೆಕ್ಕಕ್ಕೆ ಹಾಕುವ ಅಭ್ಯಾಸ ಬೆಳೆದದ್ದು ಈ ಕ್ಷೇತ್ರಕ್ಕೆ ನಷ್ಟವನ್ನೇ ತಂದಿತು.

ಆ ಅಭ್ಯಾಸವನ್ನು ಮೊದಲು ಮುರಿದದ್ದು ವರ್ಣತಂತುವಿನ ತುದಿ. ಕ್ಷಕಿರಣದಿಂದ ತುಂಡಾದ ವರ್ಣತಂತುಗಳು ಒಂದಕ್ಕೊಂದು ಅಂಟಿಕೊಂಡರೂ ಸಹಜ ತುದಿಗಳು ಹಾಗೆ ಅಂಟುವುದಿಲ್ಲ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಗಮನಿಸಿದ ಹರ್ಮನ್ ಮುಲ್ಲರ್ 1938ರಲ್ಲಿ ಅವಕ್ಕೆ ‘ಟೆಲೊಮಿಯರ್’ ಎಂದು ಹೆಸರಿಟ್ಟರು. ಅದೇ ಹೊತ್ತಿಗೆ ಬಾರ್ಬರಾ ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಮುರಿದ ತುದಿಗಳ ಪಾಡನ್ನು ಬೆನ್ನಟ್ಟಿದ್ದರು: ಅಂಟಿಕೊಳ್ಳುವುದು, ಕೋಶ ಒಡೆಯುವಾಗ ಜಗ್ಗಿ ಮತ್ತೆ ಮುರಿಯುವುದು, ಮತ್ತೆ ಅಂಟುವುದು. 1978ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಗಾಲ್ ಕೊಳದ ಏಕಕೋಶಜೀವಿ ಟೆಟ್ರಾಹೈಮಿನಾದ ತುದಿಯನ್ನು ಓದಿದಾಗ ಸಿಕ್ಕಿದ್ದು ಟಿಟಿಜಿಜಿಜಿಜಿ ಎಂಬ ಆರೇ ಅಕ್ಷರ, ಹತ್ತಾರು ಸಲ. ಮನುಷ್ಯರಲ್ಲಿ ಅದು ಟಿಟಿಎಜಿಜಿಜಿ. ಈ ಸಾಲಿಗೆ ಅಂಟುವ ಪ್ರೋಟೀನುಗಳು ತುದಿಯನ್ನು ಮುಚ್ಚಿಡುತ್ತವೆ. ಇಲ್ಲವಾದರೆ ಕೋಶದ ದುರಸ್ತಿ ವ್ಯವಸ್ಥೆ ಅದನ್ನು ಮುರಿತವೆಂದು ಬಗೆದು ಹೊಲಿಯಲು ಹೊರಡುತ್ತದೆ. ಪ್ರತಿ ನಕಲಿನಲ್ಲೂ ಸವೆಯುವ ಈ ತುದಿಯನ್ನು ಮತ್ತೆ ಬೆಳೆಸುವ ಟೆಲೊಮರೇಸ್ ಕಿಣ್ವವನ್ನು ಕ್ಯಾರಲ್ ಗ್ರೈಡರ್ ಮತ್ತು ಬ್ಲ್ಯಾಕ್‌ಬರ್ನ್ 1985ರಲ್ಲಿ ಪ್ರಕಟಪಡಿಸಿದರು. ಇವರಿಬ್ಬರಿಗೂ ಜ್ಯಾಕ್ ಸೋಸ್ಟಾಕ್ ಅವರಿಗೂ 2009ರ ನೊಬೆಲ್ ಸಂದಿತು.

ಭಾರತದಲ್ಲಿ ಈ ಸಾಲುಗಳು ಮೊದಲು ಹೆಸರಾದದ್ದು ನ್ಯಾಯಾಲಯದಲ್ಲಿ. ಮೈಮೇಲೆ ಪಟ್ಟೆಗಳಿರುವ ಕಟ್ಟುಹಾವಿನ ಜಾತಿಯೊಂದರ ಪುನರಾವರ್ತಿತ ಡಿಎನ್‌ಎಯನ್ನು ಅಭ್ಯಸಿಸಿದ್ದ ಲಾಲ್‌ಜಿ ಸಿಂಗ್, ಅದರಿಂದಲೇ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ), ಮೊಕದ್ದಮೆಗಳಲ್ಲಿ ವ್ಯಕ್ತಿಯ ಗುರುತು ಹಿಡಿಯಲು ನೆರವಾಗುವ ಡಿಎನ್‌ಎ ಬೆರಳಚ್ಚಿನ ವಿಧಾನ ರೂಪಿಸಿದರು. ಸಾಲು ಎಷ್ಟು ಸಲ ಮರುಕಳಿಸುತ್ತದೆ ಎಂಬುದು ಒಬ್ಬರಿಂದ ಒಬ್ಬರಿಗೆ ಬದಲಾಗುವುದರಿಂದಲೇ ಇದು ಸಾಧ್ಯ.

ಹಾಗೆ ಬದಲಾಗುವುದೇಕೆ? ಓಲೆಗರಿಯಲ್ಲಿ ಒಂದೇ ಸಾಲು ಹತ್ತು ಸಲ ಬಂದರೆ ಪ್ರತಿ ಮಾಡುವವನ ಕಣ್ಣು ಒಂಬತ್ತಕ್ಕೋ ಹನ್ನೊಂದಕ್ಕೋ ಜಾರುವಂತೆ, ಡಿಎನ್‌ಎ ನಕಲಾಗುವಾಗಲೂ ಎಳೆ ಜಾರುತ್ತದೆ. 1966ರಲ್ಲೇ ಜಾರ್ಜ್ ಸ್ಟ್ರೈಸಿಂಗರ್ ಮತ್ತು ಸಂಗಡಿಗರು ಹೀಗೆಂದು ಊಹಿಸಿದ್ದರು. ಜಾರಿದ್ದನ್ನು ಸರಿಪಡಿಸಲು ಕೋಶದಲ್ಲಿ ಎಂಎಸ್‌ಎಚ್2, ಎಂಎಲ್‌ಎಚ್1 ಮುಂತಾದ ಪ್ರೋಟೀನುಗಳಿವೆ. 1993ರಲ್ಲಿ ಕೆಲವು ಕರುಳಿನ ಕ್ಯಾನ್ಸರುಗಳಲ್ಲಿ ಚಿಕ್ಕ ಪುನರಾವರ್ತಿತ ಸಾಲುಗಳ ಉದ್ದ ಅಲ್ಲೋಲಕಲ್ಲೋಲವಾಗಿರುವುದು ಕಂಡಿತು. ಬೆನ್ನಲ್ಲೇ, ಇಂಥ ಕ್ಯಾನ್ಸರ್ ವಂಶಪಾರಂಪರ್ಯವಾಗಿ ಬರುವ ಲಿಂಚ್ ಸಿಂಡ್ರೋಮ್ ಇರುವ ಕುಟುಂಬಗಳಲ್ಲಿ ಈ ಕಾವಲಿನ ಜೀನುಗಳೇ ಕೆಟ್ಟಿವೆ ಎಂದು ತಿಳಿಯಿತು. ಇಂದು ಗೆಡ್ಡೆಯಲ್ಲಿ ಈ ಅಸ್ಥಿರತೆ ಇದೆಯೇ ಎಂದು ನೋಡಿ ಔಷಧ ನಿರ್ಧರಿಸುವುದುಂಟು.

ಅದೇ 1993ರಲ್ಲಿ ಹಂಟಿಂಗ್ಟನ್ ಕಾಯಿಲೆಯ ಜೀನ್ ಸಿಕ್ಕಿತು. ನಾಲ್ಕನೇ ವರ್ಣತಂತುವಿನಲ್ಲಿ ಸಿಎಜಿ ಎಂಬ ಮೂರಕ್ಷರ 40 ಅಥವಾ ಅದಕ್ಕಿಂತ ಹೆಚ್ಚು ಸಲ ಬಂದರೆ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕೈಕಾಲು ಹಿಡಿತ ತಪ್ಪಿ, ಮನಸ್ಸೂ ಕುಸಿಯುತ್ತದೆ. ಇಂಥ ಕೆಲವು ಕಾಯಿಲೆಗಳು ಪೀಳಿಗೆಯಿಂದ ಪೀಳಿಗೆಗೆ ಬೇಗ ಬರುತ್ತವೆ ಎಂದು ವೈದ್ಯರು ಹಿಂದೆಯೇ ಹೇಳಿದ್ದರು. 1948ರಲ್ಲಿ ಲಯನೆಲ್ ಪೆನ್‌ರೋಸ್ ಅದನ್ನು ಅಂಕಿಅಂಶ ಕಲೆಹಾಕಿದ ರೀತಿಯ ದೋಷವೆಂದು ತಳ್ಳಿಹಾಕಿದ ಮೇಲೆ ದಶಕಗಳ ಕಾಲ ಆ ಮಾತಿಗೆ ಬೆಲೆ ಸಿಗಲಿಲ್ಲ. ಮನೆಯವರು ಕಣ್ಣಾರೆ ಕಂಡದ್ದು ನಿಜವಾಗಿತ್ತು: ಮಕ್ಕಳಿಗೆ ದಾಟುವಾಗ ಸಾಲು ಉದ್ದವಾಗುತ್ತಿತ್ತು.

ಉದ್ದದ ಸಾಲುಗಳನ್ನು ಓದುವ ಯಂತ್ರಗಳು ಬರುವವರೆಗೂ ಸೆಂಟ್ರೊಮಿಯರುಗಳು ಮಾತ್ರ ನಕಾಶೆಯಲ್ಲಿ ಖಾಲಿ ಜಾಗಗಳಾಗಿಯೇ ಉಳಿದಿದ್ದವು. ಕ್ಯಾರೆನ್ ಮೀಗಾ ಮತ್ತು ಆಡಂ ಫಿಲಿಪ್ಪಿ ಮುಂದಾಳತ್ವದ ಟಿ2ಟಿ (ಟೆಲೊಮಿಯರಿನಿಂದ ಟೆಲೊಮಿಯರಿನವರೆಗೆ) ಕೂಟ 2022ರಲ್ಲಿ ಸುಮಾರು 20 ಕೋಟಿ ಹೊಸ ಅಕ್ಷರಗಳನ್ನು ಸೇರಿಸಿ ಅವನ್ನು ತುಂಬಿತು. ಅಷ್ಟರಲ್ಲಿ ಯುಕಿಕೊ ಯಮಾಶಿತಾ ಅವರ ತಂಡ, ನೊಣ ಮತ್ತು ಇಲಿಯ ಕೋಶಗಳಲ್ಲಿ ಸೆಂಟ್ರೊಮಿಯರ್ ಬಳಿಯ ಈ ಸಾಲುಗಳು ಎಲ್ಲ ವರ್ಣತಂತುಗಳನ್ನು ಒಂದೇ ಕೋಶಕೇಂದ್ರದೊಳಗೆ ಕಟ್ಟಿಡುತ್ತವೆ, ಕಟ್ಟು ಸಡಿಲಿದರೆ ತುಣುಕುಗಳು ಹೊರಬಿದ್ದು ಡಿಎನ್‌ಎ ಹಾನಿಗೊಳ್ಳುತ್ತದೆ ಎಂದು 2018ರಲ್ಲಿ ತೋರಿಸಿತ್ತು.

ನನ್ನನ್ನು ಹೆಚ್ಚು ಕಾಡುವುದು ಕಾವಲುಗಾರರ ನಡೆ. ಎಂಎಸ್‌ಎಚ್2 ಇಲ್ಲದ ಕೋಶದಲ್ಲಿ ಚಿಕ್ಕ ಸಾಲುಗಳು ಹದಗೆಟ್ಟು ಕ್ಯಾನ್ಸರಿಗೆ ದಾರಿಯಾಗುತ್ತದೆ. ಹಂಟಿಂಗ್ಟನ್ ಜೀನಿರುವ ಇಲಿಗಳಲ್ಲಾದರೋ ಅದೇ ಎಂಎಸ್‌ಎಚ್2 ಅನ್ನು ತೆಗೆದರೆ ಸಿಎಜಿ ಸಾಲಿನ ಬೆಳವಣಿಗೆ ನಿಲ್ಲುತ್ತದೆ. ಸಾಲು ಮಡಚಿ ಆದ ಗಂಟನ್ನು ಬಿಡಿಸಲು ಹೋಗಿ ದುರಸ್ತಿ ವ್ಯವಸ್ಥೆಯೇ ಅದನ್ನು ಉದ್ದ ಮಾಡುತ್ತದೆ. 2025ರಲ್ಲಿ ಪ್ರಕಟವಾದ ಸ್ಟೀವನ್ ಮೆಕ್‌ಕ್ಯಾರಲ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ರೋಗಿಗಳ ಮಿದುಳಿನ ನರಕೋಶಗಳಲ್ಲಿ ಸಾಲು ಜೀವನವಿಡೀ ನಿಧಾನವಾಗಿ ಬೆಳೆದು, ಸುಮಾರು 150 ದಾಟಿದ ಮೇಲಷ್ಟೇ ಆ ಕೋಶ ಕೆಡತೊಡಗುತ್ತದೆ. ಅಂದರೆ ದಶಕಗಳಷ್ಟು ಕಾಲಾವಕಾಶವಿದೆ. ಹಾಗಾಗಿ ಔಷಧ ಹುಡುಕುವವರ ಕಣ್ಣು ಈಗ ಎಂಎಸ್‌ಎಚ್2ರ ಜೊತೆಗಾರ ಎಂಎಸ್‌ಎಚ್3ರ ಮೇಲಿದೆ: ಕ್ಯಾನ್ಸರಿನ ಕಾವಲು ಕೆಡದಷ್ಟು, ಸಾಲು ಬೆಳೆಯದಷ್ಟು ಅದನ್ನು ತಗ್ಗಿಸುವುದು ಅವರ ಗುರಿ.